ಇಲಿ ಪಾಷಾಣದ ಪೊಟ್ಟಣ ಎಸೆಯಬೇಡಿ



ಮಳೆ ಹಿಡಿಯಿತೆಂದರೆ ಮೋರಿಯಲ್ಲಿದ್ದ ಹೆಗ್ಗಣಗಳಿಗೆ ನಮ್ಮ ಅಡುಗೆಮನೆಯ ನೆನಪಾಗುತ್ತದೆ. ನಮ್ಮ ಸುಂಕದಕಟ್ಟೆಯಲ್ಲಂತೂ ಕೇಳುವುದೇ ಬೇಡ. ಮನೆಗೆ ಮನೆ ಅಂಟಿಕೊಂಡಿದೆ, ನಡುನಡುವೆ ಸಣ್ಣ ಕಾರ್ಖಾನೆಗಳ ಶೆಡ್ಡು, ಖಾಲಿ ಸೈಟು ಕಂಡರೆ ಅದರ ತುಂಬ ಕಸ. ಪಕ್ಕದ ಬಡಾವಣೆಯ ಹೆಸರೇ ಹೆಗ್ಗನಹಳ್ಳಿ! ಆ ಹೆಸರು ಹೇಗೆ ಬಂತೋ, ನಾವು ಹೆಂಗಸರು ಮಾತ್ರ ಅದನ್ನು ಹೇಳಿಕೊಂಡು ನಗುತ್ತೇವೆ. ಆದರೆ ಅಕ್ಕಿ ಮೂಟೆಗೆ ತೂತು ಬಿದ್ದು, ಗ್ಯಾಸಿನ ಪೈಪಿನ ಮೇಲೆ ಹಲ್ಲಿನ ಗುರುತು ಕಂಡ ದಿನ ನಗು ಬರೋಲ್ಲ. ಸೀದಾ ಅಂಗಡಿಗೆ ಹೋಗಿ "ಇಲಿ ಪಾಷಾಣ ಕೊಡಪ್ಪಾ" ಅಂತೀವಿ. "ತಗೊಳ್ಳಿ ಅಕ್ಕಾ" ಅಂತ ಅವನೂ ಕೈಗೆ ಸಿಕ್ಕಿದ್ದನ್ನು ಕೊಡ್ತಾನೆ. ಯಾವ ವಿಷ ಅಂತ ಅವನು ಹೇಳೋಲ್ಲ, ನಾವೂ ಕೇಳೋಲ್ಲ.

ಕೇಳಲೇಬೇಕು. ಇಲಿ ಪಾಷಾಣ ಅನ್ನೋದು ಒಂದೇ ವಸ್ತುವಲ್ಲ. ನಮ್ಮ ಕೈಗೆ ಬರುವುದು ಮುಖ್ಯವಾಗಿ ಮೂರು ಬಗೆ. ಮೂರೂ ಬೇರೆ ಬೇರೆ ರೀತಿಯಲ್ಲಿ ಕೊಲ್ಲುತ್ತವೆ, ಚಿಕಿತ್ಸೆಯೂ ಬೇರೆ ಬೇರೆ.

ಮೊದಲನೆಯದು ಬೂದುಗಪ್ಪು ಪುಡಿ, ಹೆಸರು ಜಿಂಕ್ ಫಾಸ್ಫೈಡ್. ಬೆಳ್ಳುಳ್ಳಿಯಂಥ ವಾಸನೆ. ಹೊಟ್ಟೆಯ ಆಮ್ಲ ತಾಗಿದಾಗ ಇದರಿಂದ ಫಾಸ್ಫೀನ್ ಎಂಬ ವಿಷದ ಗಾಳಿ ಹೊರಡುತ್ತದೆ. ಇದಕ್ಕೆಂದೇ ಪ್ರತಿವಿಷವಿಲ್ಲ. ಬೇಗ ಆಸ್ಪತ್ರೆಗೆ ಸೇರಿಸಿದಷ್ಟೂ ಒಳ್ಳೆಯದು.

ಎರಡನೆಯದು ಟ್ಯೂಬಿನಲ್ಲಿ ಬರುವ ಪೇಸ್ಟು. ಇದರಲ್ಲಿರುವುದು ಹಳದಿ ರಂಜಕ. ನೋಡಲು ಹಲ್ಲುಜ್ಜುವ ಪೇಸ್ಟಿನ ಟ್ಯೂಬಿನಂತೆಯೇ ಇರುತ್ತದೆ, ಬಚ್ಚಲುಮನೆಯ ಗೂಡಿನಲ್ಲಿಟ್ಟರೆ ಮಕ್ಕಳಿಗೇನು ಗೊತ್ತು? ಇದರ ಮೋಸ ಏನೆಂದರೆ, ಮೊದಲು ಒಂದಿಷ್ಟು ವಾಂತಿ, ಹೊಟ್ಟೆನೋವು ಬಂದು, ಆಮೇಲೆ ಒಂದೆರಡು ದಿನ ಏನೂ ಆಗೇ ಇಲ್ಲವೇನೋ ಅನ್ನಿಸಬಹುದು. "ದೇವರು ದೊಡ್ಡೋನು, ಪಾರಾದ" ಅಂದುಕೊಳ್ಳುವಷ್ಟರಲ್ಲಿ ಕಣ್ಣು ಹಳದಿಯಾಗಿ ಲಿವರ್ ಕೈಕೊಡುತ್ತದೆ.

ಮೂರನೆಯದು ನೀಲಿ, ಕೆಂಪು ಅಥವಾ ಹಸಿರು ಬಣ್ಣದ ಬಿಲ್ಲೆ. ಸಾಮಾನ್ಯವಾಗಿ ಬ್ರೋಮಡಯೋಲೋನ್ ಇರುತ್ತದೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. 1948ರಿಂದ ಇಲಿಗೆ ಹಾಕುತ್ತಿದ್ದ ವಾರ್ಫರಿನ್ ಇದರ ಅಣ್ಣನಿದ್ದ ಹಾಗೆ. ಅದನ್ನೇ 1954ರಿಂದ ಡಾಕ್ಟರುಗಳು ಅಳತೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆಯಾಗಿ ಕೊಡುತ್ತಿದ್ದಾರೆ. ಬಿಲ್ಲೆ ತಿಂದ ಇಲಿ ಸಾಯುವುದು ಕೆಲವು ದಿನಗಳ ಮೇಲೆ. ಮನುಷ್ಯರಲ್ಲೂ ಅಷ್ಟೇ, ವಸಡಿನಲ್ಲಿ, ಮೂಗಿನಲ್ಲಿ ರಕ್ತ ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಸಮಾಧಾನದ ಸಂಗತಿ, ಇದಕ್ಕೆ ವಿಟಮಿನ್ ಕೆ ಎಂಬ ಪ್ರತಿವಿಷ ಇದೆ.

ಈಗ ಹೇಳಿ, ಪೊಟ್ಟಣ ಎಸೆದುಬಿಟ್ಟರೆ ಡಾಕ್ಟರಿಗೆ ಇದು ಯಾವುದೆಂದು ಹೇಗೆ ತಿಳಿಯಬೇಕು? ವಿಷ ಮನೆಯಲ್ಲಿರುವಷ್ಟು ದಿನವೂ ಅದರ ಪೊಟ್ಟಣ ಜೋಪಾನವಾಗಿರಲಿ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ.

ತಿಂದರೆ ಮಾತ್ರ ಅಪಾಯ ಅಂತಲೂ ತಿಳಿಯಬೇಡಿ. 2024ರ ಆಗಸ್ಟ್‌ನಲ್ಲಿ ನಮ್ಮ ಪಶ್ಚಿಮ ಬೆಂಗಳೂರಿನ ಆದರ್ಶನಗರದ ಹಾಸ್ಟೆಲೊಂದರಲ್ಲಿ ಇಲಿ ಕಾಟಕ್ಕೆಂದು ಔಷಧಿ ಹಾಕಿದರು. ಉಸಿರು ಕಟ್ಟಿದಂತಾಗಿ 19 ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಅದೇ ವರ್ಷ ನವೆಂಬರ್‌ನಲ್ಲಿ ಚೆನ್ನೈ ಹತ್ತಿರದ ಕುಂದ್ರತ್ತೂರಿನಲ್ಲಿ ಇಲಿಮದ್ದು ಇಟ್ಟ ಮನೆಯೊಳಗೆ ಮಲಗಿದ್ದ ಎರಡು ಪುಟ್ಟ ಮಕ್ಕಳು ತೀರಿಕೊಂಡರು. ಮದ್ದು ಇಡಲು ಯಾರೇ ಬರಲಿ, ಏನು ಇಡುತ್ತೀರಿ, ಎಷ್ಟು ಹೊತ್ತು ಹೊರಗಿರಬೇಕು ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮಲಗುವ ಕೋಣೆಯಲ್ಲಿ ಬೇಡವೇ ಬೇಡ.

ಮಗು ಬಾಯಿಗೆ ಹಾಕಿಕೊಂಡಿದೆ ಎಂಬ ಸಂಶಯ ಬಂದರೂ ಸಾಕು, ಹೀಗೆ ಮಾಡಿ:

• 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಆಟೋ ಹಿಡಿದು ದೊಡ್ಡ ಆಸ್ಪತ್ರೆಗೆ ಹೊರಡಿ. ಪೊಟ್ಟಣ ಕೈಯಲ್ಲಿರಲಿ.

• ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ.

• ಹಾಲು, ತುಪ್ಪ, ಎಣ್ಣೆ ಕೊಡಬೇಡಿ. ಜಿಡ್ಡು ಸೇರಿದರೆ ರಂಜಕ ಮೈಗೆ ಇನ್ನೂ ಬೇಗ ಹತ್ತುತ್ತದೆ.

• ತಾನಾಗಿ ವಾಂತಿಯಾದರೆ ಕಿಟಕಿ ಬಾಗಿಲು ತೆಗೆಯಿರಿ. ಅದರಿಂದಲೂ ವಿಷದ ಗಾಳಿ ಬರಬಹುದು.

• ಮಗು ಆಡಿಕೊಂಡಿದೆ ಎಂದು ಮನೆಯಲ್ಲೇ ಉಳಿಯಬೇಡಿ. ಎರಡು ಮೂರು ದಿನ ಬಿಟ್ಟು ಮತ್ತೆ ರಕ್ತಪರೀಕ್ಷೆಗೆ ಬನ್ನಿ ಎಂದರೆ ತಪ್ಪದೆ ಹೋಗಿ.

ಇನ್ನು ಇಲಿಯ ವಿಚಾರ. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟರಂತೆ, ಹಾಗಾಗಬಾರದು. ಒಂದು ಇಲಿ ಸತ್ತರೂ ದಾರಿ ಮತ್ತು ಊಟ ಹಾಗೇ ಇದ್ದರೆ ಇನ್ನೊಂದು ಬಂದೇ ಬರುತ್ತದೆ. ಪೆನ್ಸಿಲ್ ತೂರುವಷ್ಟು ಸಂದಿ ಸಾಕು, ಚಿಕ್ಕ ಇಲಿ ನುಸುಳುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತೂತಿಗೆ ತುರುಕಿ ಮೇಲೆ ಸಿಮೆಂಟು ಮೆತ್ತಿ. ಬಚ್ಚಲ ಕಿಂಡಿಗೆ ಜಾಲರಿ ಹಾಕಿಸಿ. ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ, ಹಿಟ್ಟು ಬೇಳೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿರಲಿ. ಗೋಡೆ ಪಕ್ಕದಲ್ಲೇ ಇಲಿ ಓಡುವುದರಿಂದ ಬೋನನ್ನು ಗೋಡೆಗೆ ಒತ್ತಿ ಇಟ್ಟು, ಸುಟ್ಟ ಕೊಬ್ಬರಿ ಚೂರೋ ಬೋಂಡಾ ತುಂಡೋ ಸಿಕ್ಕಿಸಿ. ಆಮೇಲೆ ಬೋನನ್ನು ಬಿಸಿನೀರಿನಲ್ಲಿ ತೊಳೆಯಿರಿ, ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ.

ವಿಷ ಇಡಲೇಬೇಕಾಗಿ ಬಂದರೆ ಬೋಂಡಾ, ಚಪಾತಿಗೆ ಸವರಿ ಇಡಬೇಡಿ, ಮಕ್ಕಳು ತಿಂಡಿ ಎಂದುಕೊಂಡಾರು. ರಾತ್ರಿ ಇಟ್ಟದ್ದನ್ನು ಎಣಿಸಿ, ಬೆಳಿಗ್ಗೆ ಎಣಿಸಿ ತೆಗೆಯಿರಿ. ಸತ್ತ ಇಲಿಯನ್ನು ಬೀದಿಗೆ ಎಸೆಯದೆ ಹೂಳಿಸಿ, ಅದನ್ನು ತಿಂದ ಬೆಕ್ಕು ನಾಯಿಗೂ ವಿಷವೇರಬಹುದು.

ಕೊನೆಯದಾಗಿ ಒಂದು ಮಾತು. ಉಳಿದ ವಿಷವನ್ನು ಮುಂದಕ್ಕೆ ಬೇಕಾದೀತೆಂದು ಕೂಡಿಡಬೇಡಿ. ಮನೆಯಲ್ಲಿ ಜಗಳವಾದ ಗಳಿಗೆಯಲ್ಲಿ, ಪರೀಕ್ಷೆಯ ಫಲಿತಾಂಶ ಬಂದ ದಿನ, ಅದು ಕೈಗೆ ಸಿಗುವಂತಿರಬಾರದು. ಯಾರ ಮನಸ್ಸಾದರೂ ಕುಗ್ಗಿದ್ದರೆ ಪಕ್ಕದಲ್ಲಿ ಕೂತು ಮಾತಾಡಿಸಿ. ಸರ್ಕಾರದ ಟೆಲಿ ಮಾನಸ್, ನಂಬರ್ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನೂ 108ನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಇವತ್ತೇ ಬರೆದಿಡಿ.