ಮೊದಲ ಶ್ರೇಣಿಯ ಪಟ್ಟಿಯೂ ಕನ್ನಡ ನಾಡಿನ ನಕ್ಷೆಯೂ

ವೈಶಾಖದ ಬಿಸಿಲಿನೊಡನೆ ಪ್ರತಿವರ್ಷವೂ ಪರೀಕ್ಷೆಗಳ ನಿಕಾಲು ಹೊರಬೀಳುತ್ತದೆ. ಅತ್ಯಧಿಕ ಅಂಕ ಗಳಿಸಿದ ಹುಡುಗ ಹುಡುಗಿಯರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ತಂದೆತಾಯಿಗಳು ಅವರ ಬಾಯಿಗೆ ಪೇಢೆಯಿಡುತ್ತಾರೆ. ಊರಿನ ಪ್ರಮುಖರು ಶಾಲು ಹೊದಿಸಿ ಹಾರ ಹಾಕುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ವಿದ್ಯೆಗೆ ಮನ್ನಣೆ ಕೊಡುವ ನಾಡು ಬದುಕಿರುವ ನಾಡು. ಆದರೆ ಹಾರ ಬಾಡುವ ಮೊದಲು ನಮ್ಮ ವಾಚಕರು, ಅದರಲ್ಲಿಯೂ ಶಿಕ್ಷಕ ಬಂಧುಗಳು, ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮ್ಮ ವಿನಂತಿ. ಈ ಯಶಸ್ಸು ಹೇಗೆ ಬಂದಿತು? ಮತ್ತು ಅದು ನಾಡಿನ ಯಾವ ಭಾಗಕ್ಕೆ ಬರದೆ ಹೋಯಿತು?

ಮೊದಲನೆಯ ಪ್ರಶ್ನೆಗೆ ಜನರು ಕೊಡುವ ಉತ್ತರ ಸಿದ್ಧವಾಗಿದೆ: ಹುಡುಗ ಬುದ್ಧಿವಂತ, ಅದು ದೈವದತ್ತ. ಈ ಉತ್ತರ ಅರ್ಧ ಸತ್ಯವಾದುದು. ಸರ್ ಎಂ. ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಸೆಯನ್ನೇ ನೋಡೋಣ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿತ್ತು. ಖರ್ಚಿಗೆ ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಬರುವ ಹಣವಿತ್ತು. ಹೀಗೆ ಓದಿ ಅವರು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮುಂದೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಯ ಸಾಯನ್ಸ್ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಬುದ್ಧಿಯೂ ದುಡಿಮೆಯೂ ಅವರವೇ ನಿಜ. ಆದರೆ ಮಾವನ ಮನೆಯ ಅನ್ನವೂ ಸಂಸ್ಥಾನದ ವೇತನವೂ ಇಲ್ಲದಿದ್ದರೆ ಆ ಬುದ್ಧಿ ಚಿಕ್ಕಬಳ್ಳಾಪುರದ ಯಾವುದೋ ಕಚೇರಿಯ ದಫ್ತರದಲ್ಲಿ ಮುಚ್ಚಿಹೋಗುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು?

ಇದು ಒಬ್ಬರ ಕಥೆಯಲ್ಲ. ಕನ್ನಡ ನಾಡಿನಲ್ಲಿ ಎರಡು ಮೂರು ತಲೆಮಾರುಗಳ ವಿದ್ಯಾವಂತರು ವಾರಾನ್ನದ ಮೇಲೆ ಬೆಳೆದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಎಲ್ಲಿಯಾದರೂ ಒಂದು ವಾರ ತಪ್ಪಿದರೆ ಆ ದಿನ ಏಕಾದಶಿ. ಇದನ್ನು ಕಂಡ ಧರ್ಮಬುದ್ಧಿಯ ಹಿರಿಯರು ಮುಂದೆ ಬಂದರು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿ ಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟರು. ಪರೀಕ್ಷೆಯಲ್ಲಿ ಗೆದ್ದ ಪ್ರತಿಯೊಬ್ಬ ಬಡ ಹುಡುಗನ ಹಿಂದೆ ಯಾರೋ ಒಬ್ಬರ ತಂಬಿಗೆ ನೀರು, ಯಾರೋ ಒಬ್ಬರ ರೊಟ್ಟಿ ಇದೆ.

ಅನ್ನದ ನಂತರ ಅಭ್ಯಾಸದ ಮಾತು. ಹೆಚ್ಚು ಹೊತ್ತು ಓದಿದವನೇ ಗೆಲ್ಲುತ್ತಾನೆಂಬ ನಂಬಿಕೆ ಮನೆಮನೆಗಳಲ್ಲಿದೆ. ಶಿಕ್ಷಕರಿಗೆ ಗೊತ್ತಿರುವ ಸಂಗತಿ ಬೇರೆ. ನಮ್ಮ ಹಳೆಯ ಕೂಲಿಮಠದ ಐಗಳು ಪಾಠ ಹೇಳಿ ಸುಮ್ಮನಾಗುತ್ತಿರಲಿಲ್ಲ. ಮರುದಿನ ಅದನ್ನು ಒಪ್ಪಿಸೆನ್ನುತ್ತಿದ್ದರು. ಆ ಮಠಗಳ ಬೆತ್ತವನ್ನೂ ಅರ್ಥವಿಲ್ಲದ ಗಿಳಿಪಾಠವನ್ನೂ ನಾವು ಹೊಗಳುವುದಿಲ್ಲ. ಆದರೆ ಪುಸ್ತಕ ಮುಚ್ಚಿ ಒಪ್ಪಿಸುವ ಆ ಪದ್ಧತಿಯಲ್ಲಿ ದೊಡ್ಡ ತಿಳಿವಳಿಕೆಯಿತ್ತು. 2006ರಲ್ಲಿ ಅಮೇರಿಕೆಯ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಇದನ್ನೇ ಪ್ರಯೋಗದಿಂದ ತೋರಿಸಿಕೊಟ್ಟರು. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರೇ ಮುಂದಾದರು. ಹಳೆಯ ಪ್ರಶ್ನಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸುವುದು, ತಪ್ಪಿದ್ದನ್ನು ಮಾಸ್ತರರಿಂದ ತಿದ್ದಿಸಿಕೊಳ್ಳುವುದು, ತಿಳಿದುದನ್ನು ಗೆಳೆಯನಿಗೆ ಹೇಳಿಕೊಡುವುದು: ಮೇಲ್ದರ್ಜೆಯ ಅಂಕಗಳ ರಹಸ್ಯವೆಂದರೆ ಇಷ್ಟೇ. ಇದಕ್ಕೆ ಸಾವಿರಾರು ರೂಪಾಯಿಯ ಖಾಸಗಿ ತರಗತಿ ಬೇಕಿಲ್ಲ. ಆದರೆ ತಿದ್ದಲು ಒಬ್ಬ ಮಾಸ್ತರ ಬೇಕು, ಬರೆಯಲು ಒಂದು ದೀಪ ಬೇಕು, ಓದಿದ್ದು ತಿಳಿಯುವ ಭಾಷೆ ಬೇಕು.

ಈ ಮೂರೂ ನಾಡಿನ ಎಲ್ಲ ಮಕ್ಕಳಿಗೂ ಸಮನಾಗಿ ದೊರೆತಿವೆಯೆ? ಇದು ನಮ್ಮ ಎರಡನೆಯ ಪ್ರಶ್ನೆ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ 22 ಜನ ವಿದ್ಯಾರ್ಥಿಗಳು 625ಕ್ಕೆ 625 ಅಂಕ ಪಡೆದರು. ನಾಡೆಲ್ಲ ಹಿಗ್ಗಿತು. ಅದೇ ಪಟ್ಟಿಯ ಇನ್ನೊಂದು ಪುಟವನ್ನು ಎಷ್ಟು ಜನ ನೋಡಿದರು? ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೂರಕ್ಕೆ 91.12ರಷ್ಟು ಮಕ್ಕಳು ತೇರ್ಗಡೆಯಾದರು. ಕಲಬುರಗಿ ಜಿಲ್ಲೆಯಲ್ಲಿ 42.43. ಅದರ ಹಿಂದಿನ ವರ್ಷ, 2024ರಲ್ಲಿ, ಉಡುಪಿ 94 ಪಡೆದು ಮೊದಲಾಯಿತು, ಯಾದಗಿರಿ 50.59 ಪಡೆದು ಕೊನೆಯಾಯಿತು. ಒಂದೇ ನಾಡು, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನಪತ್ರಿಕೆ. ಆದರೂ ಒಂದು ತುದಿಯಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಹೊಸಿಲು ದಾಟುತ್ತಾರೆ, ಇನ್ನೊಂದು ತುದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೊಸಿಲಿನಲ್ಲಿಯೇ ಕುಳಿತುಬಿಡುತ್ತಾರೆ. 1956ರ ನವೆಂಬರ 1ರಂದು ಕನ್ನಡಿಗರು ನಕ್ಷೆಯ ಮೇಲೆ ಒಂದಾದರು. ಪರೀಕ್ಷೆಯ ಪಟ್ಟಿಯಲ್ಲಿ ಹಳೆಯ ಗಡಿಗಳು ಇನ್ನೂ ಅಳಿಸಿಲ್ಲ.

ಕೆಲವರು ಹೇಳುತ್ತಾರೆ: ಅಲ್ಲಿಯ ಹುಡುಗರಿಗೆ ಓದಿನ ಆಸ್ಥೆಯಿಲ್ಲ, ನಕಲು ನಿಂತಿತು, ಬಣ್ಣ ಬಯಲಾಯಿತು. ನಕಲಿನ ಮಾತು ಸುಳ್ಳಲ್ಲ. 2023ರಲ್ಲಿ 83.89 ಇದ್ದ ನಾಡಿನ ತೇರ್ಗಡೆಯ ಪ್ರಮಾಣವು, ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾದ ಕಣ್ಣಿಟ್ಟ 2024ರಲ್ಲಿ, ಹೆಚ್ಚಿನ ಕೃಪಾಂಕ ಕೊಟ್ಟ ಮೇಲೆಯೂ 73.40ಕ್ಕೆ ಇಳಿಯಿತು, ಆ ಕೃಪೆಯನ್ನು ತೆಗೆದ 2025ರಲ್ಲಿ 62.34ಕ್ಕೆ ಬಂದು ನಿಂತಿತು. ಆದರೆ ಇಡೀ ನಾಡಿಗೆ ತಗಲಿದ ರೋಗವನ್ನು ಒಂದು ಸೀಮೆಯ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಕ್ಯಾಮರಾ ಸುಳ್ಳನ್ನು ಹೊರಗಟ್ಟೀತು, ಗಣಿತವನ್ನು ಕಲಿಸಲಾರದು.

ನಿಜವಾದ ಕಾರಣಗಳು ಆಳದಲ್ಲಿವೆ. ಕರಾವಳಿಗೆ 1834ರಲ್ಲಿ ಬಾಸೆಲ್ ಮಿಶನ್ನಿನವರು ಬಂದಿಳಿದಂದಿನಿಂದ ಶಾಲೆಗಳ ಬೇರು ಇಳಿಯಿತು. ಮಠಗಳೂ ಇಗರ್ಜಿಗಳೂ ಪಂತ ಕಟ್ಟಿದಂತೆ ವಿದ್ಯಾಲಯಗಳನ್ನು ತೆರೆದವು. ನಿಜಾಮ ಸಂಸ್ಥಾನದ ಕನ್ನಡಿಗನ ಪಾಡು ಬೇರೆಯಾಗಿತ್ತು. ದರಬಾರಿನ ಭಾಷೆ ಉರ್ದು, ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಅವ್ವನ ಬಾಯಿಂದ ಕಲಿತ ನುಡಿ ಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಹೊರಗುಳಿಯುತ್ತಿತ್ತು. 1948ರ ಸೆಪ್ಟೆಂಬರದಲ್ಲಿ ಆ ಆಳಿಕೆ ಮುಗಿಯಿತು. ಆದರೆ ಓದದ ಅಜ್ಜ, ಅರ್ಧ ಓದಿದ ಅಪ್ಪ, ಇವರ ಕೊರತೆ ಮೊಮ್ಮಗನವರೆಗೆ ಹರಿದುಬಂತು. ಇದರ ಮೇಲೆ ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಗುಳೆ ಹೋಗುತ್ತಾರೆ; ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡಗಳ ಕೆಳಗೆ ಗುಡಿಸಲು ಹಾಕುತ್ತಾರೆ; ಹುಡುಗಿ ತಮ್ಮನನ್ನು ಎತ್ತಿಕೊಂಡು ಅವರೊಡನೆ ನಡೆಯುತ್ತಾಳೆ. ಶಾಲೆಯಲ್ಲಿ ಉಳಿದ ಮಗುವಿಗೆ ಗಣಿತದ ಮಾಸ್ತರರ ಹುದ್ದೆ ಖಾಲಿ. ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಹೆಸರಿಸಿದ 39 ತಾಲೂಕುಗಳಲ್ಲಿ 21 ತಾಲೂಕುಗಳು ಗುಲಬರ್ಗಾ ವಿಭಾಗದವೇ ಆಗಿದ್ದವು. ಸಂವಿಧಾನದ 371-ಜೆ ವಿಧಿಯು 2013ರಿಂದ ಈ ಸೀಮೆಗೆ ವಿಶೇಷ ಸೌಲಭ್ಯವನ್ನು ಕೊಟ್ಟಿದೆ. ಕಾಲೇಜಿನಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಸ್ಥಳ ಕಾಯ್ದಿರಿಸಿದೆ. ಒಳ್ಳೆಯದು. ಆದರೆ ಹತ್ತನೆಯ ತರಗತಿಯನ್ನೇ ದಾಟದ ಮಗುವಿಗೆ ಕಾಯ್ದಿರಿಸಿದ ಸ್ಥಳದಿಂದೇನು ಫಲ?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸರಕಾರವು ಈ ಸೀಮೆಯ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಖಾಲಿ ಹುದ್ದೆಗಳನ್ನು ಶಾಲೆ ಆರಂಭವಾಗುವ ಜೂನ್ ತಿಂಗಳಿಗೇ ತುಂಬಬೇಕು. ದೀಪಾವಳಿಯ ಹೊತ್ತಿಗೆ ಬರುವ ಅತಿಥಿ ಶಿಕ್ಷಕರಿಂದ ವರ್ಷದ ಪಾಠ ಮುಗಿಯದು. ಎರಡನೆಯದಾಗಿ, ಗುಳೆ ಹೋಗುವವರ ಮಕ್ಕಳನ್ನು ಊರಲ್ಲಿಯೇ ಉಳಿಸಿಕೊಳ್ಳುವ ವಸತಿನಿಲಯಗಳು ಹೋಬಳಿಗೊಂದರಂತೆ ಬೇಕು. ವಾರಾನ್ನ ಕೊಟ್ಟ ನಾಡಿಗೆ ಇದು ಅಸಾಧ್ಯವಲ್ಲ. ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಹೊರದೇಶಗಳಲ್ಲಿ ನೆಲೆಸಿ ಧನವಂತರಾದ ಕನ್ನಡಿಗರು ರಾಜ್ಯೋತ್ಸವದ ಪೆಂಡಾಲಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಇತ್ತ ತಿರುಗಿಸಲಿ. ಮೂರನೆಯದು ನಮ್ಮ ಶಿಕ್ಷಕ ಬಂಧುಗಳಿಗೆ. ನಿಮ್ಮಲ್ಲಿ ಹಲವರು ಪರೀಕ್ಷೆಯ ದಿನಗಳಲ್ಲಿ ಬೆಳಗಿನ ಜಾವ ಮಕ್ಕಳ ಮನೆಗೆ ಫೋನು ಮಾಡಿ ಎಬ್ಬಿಸುತ್ತೀರಿ, ಹಿಂದುಳಿದ ಮಕ್ಕಳನ್ನು ದತ್ತು ಪಡೆದಂತೆ ನೋಡಿಕೊಳ್ಳುತ್ತೀರಿ. ಅದು ನಾಡಿಗೆ ಕಾಣದ ಸೇವೆ. ಆ ಸೇವೆ ಫೆಬ್ರುವರಿಯಲ್ಲಲ್ಲ, ಎಂಟನೆಯ ತರಗತಿಯ ಮೊದಲ ವಾರದಲ್ಲಿಯೇ ಆರಂಭವಾಗಲಿ. ಓದಲು ತಡವರಿಸುವ ಮಗುವನ್ನು ಆಗಲೇ ಗುರುತಿಸಿರಿ.

ಕೊನೆಯದಾಗಿ ಪತ್ರಿಕೆಗಳಿಗೂ, ನಮ್ಮನ್ನೂ ಸೇರಿಸಿ, ಒಂದು ಮಾತು. ಬರುವ ನಿಕಾಲಿನ ದಿನ ಪ್ರಥಮರ ಭಾವಚಿತ್ರವನ್ನು ಪ್ರಕಟಿಸೋಣ. ಅದರ ಪಕ್ಕದಲ್ಲಿಯೇ ತಾಲೂಕುವಾರು ತೇರ್ಗಡೆಯ ಪಟ್ಟಿಯನ್ನು, ಖಾಲಿ ಹುದ್ದೆಗಳ ಲೆಕ್ಕದೊಡನೆ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸೋಣ. ಕಲಬುರಗಿಯ ಹುಡುಗನ ನಪಾಸು ಮಂಗಳೂರಿನವರಿಗೂ ಮೈಸೂರಿನವರಿಗೂ ತಮ್ಮ ಮನೆಯ ನಪಾಸೆಂದು ನೋವಾಗುವವರೆಗೆ ಏಕೀಕರಣದ ಕೆಲಸ ಮುಗಿದಿಲ್ಲ. ಆಲೂರ ವೆಂಕಟರಾಯರಂಥ ಹಿರಿಯರು ಆರಂಭಿಸಿಕೊಟ್ಟ ಆ ಕೆಲಸದ ಉಳಿದ ಪಾಲು ಈಗ ನಮ್ಮ ಶಾಲೆಗಳ ಅಂಗಳದಲ್ಲಿದೆ. ಕನ್ನಡಿಗರೇ, ಕೈಹಾಕಿರಿ.