ಸಣ್ಣ ಗುಂಡಿನ ಗಾಯ



ಕಳೆದ ಸಂಚಿಕೆಯ ಶಿಕಾರಿ ನೆನಪುಗಳ ಬರಹದಲ್ಲಿ, ಗುರಿ ಸರಿಯಿದ್ದರೆ ದೊಡ್ಡ ಪ್ರಾಣಿಗೂ ಸಣ್ಣ ರೈಫಲ್ಲೇ ಸಾಕು ಎನ್ನಲು ‘ಕರಮೋಜೋ’ ಬೆಲ್‌ನ ಹೆಸರು ಬಂದಿದೆ. ಆಫ್ರಿಕಾದಲ್ಲಿ ಆತ ಸಾವಿರಕ್ಕೂ ಹೆಚ್ಚು ಆನೆಗಳನ್ನು, ಬಹುಪಾಲು 7 ಮಿ.ಮೀ. ರೈಫಲ್ಲಿನಿಂದಲೇ ಕೊಂದದ್ದು ನಿಜ. ಆದರೆ ಆತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಎಲ್ಲಿದೆಯೆಂದು ಕಣ್ಣಾರೆ ನೋಡಿ ಕಲಿತವನು. ಮೂಳೆಗೆ ತಾಗಿದರೂ ಚಪ್ಪಟೆಯಾಗದ ಗಟ್ಟಿ ಕವಚದ ಗುಂಡನ್ನೇ ನೆಚ್ಚಿಕೊಂಡಿದ್ದ. ಆ ಕೈ ಎಲ್ಲರಿಗೂ ಬರುವುದಿಲ್ಲ.

ಗುರಿ ಒಂದು ಗೇಣು ತಪ್ಪಿದರೆ? 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತ್‌ನ ಹೆಣ್ಣುಹುಲಿಯ ಬಾಯಿ ನೋಡಿ: ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಹಿಂದೆಂದೋ ಯಾರೋ ಹೊಡೆದ ಗುಂಡು. ಸಹಜ ಬೇಟೆ ಆಗದೆ ಆ ಹುಲಿ ಮನುಷ್ಯರ ಮೇಲೆ ಬಿತ್ತು. ಕಾರ್ಬೆಟ್ ಕೊಟ್ಟ ಲೆಕ್ಕ 436 ಜೀವ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ನಮ್ಮ ಮಲೆನಾಡಿನಲ್ಲಿ ಕೋವಿ ಹಿಡಿದು ಕದ್ದು ಕಾಡಿಗೆ ಹೋಗುವವರಿದ್ದಾರೆ. ಹಂದಿಗೆ ತುಂಬಿದ ಈಡು ಕಾಟಿಗೆ ತಗುಲಿದರೆ ಅದು ಬೀಳುವುದಿಲ್ಲ, ಕೀವುಗಟ್ಟಿದ ಗಾಯ ಹೊತ್ತು ದಿನಗಟ್ಟಲೆ ನರಳುತ್ತದೆ. ಮರುದಿನ ಎದುರಾಗುವವರು ತೋಟದ ಆಳುಗಳು. ದಯವಿಟ್ಟು ಆ ಕಥೆಯನ್ನೂ ಪ್ರಕಟಿಸಿ.

– ಒಬ್ಬ ಓದುಗ, ಮೂಡಿಗೆರೆ