ಪ್ರಯಾಣದ ಗಂಟು

ಹಾವೇರಿ, ರಾಣೇಬೆನ್ನೂರಿನಿಂದ ಮೊದಲ ಸಲ ಉಮ್ರಾಕ್ಕೆ ಹೊರಡುವ ಸಹೋದರಿಯರೇ, ನೀವು ಕೇಳುವ ಕೆಲವು ಪ್ರಶ್ನೆಗಳಿಗೆ ಇಲ್ಲಿದೆ ಉತ್ತರ.

ಬ್ಯಾಡಗಿ ಮೆಣಸಿನ ಪುಡಿ ಒಯ್ಯಬಹುದೇ? ಕೈಚೀಲದಲ್ಲಿ ಬೇಡ. ಬಿಗಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಿ.

ಮಸಾಲೆ ಪುಡಿ? ಗಸಗಸೆ ಬೆರೆಸಿದ್ದರೆ ಮನೆಯಲ್ಲೇ ಬಿಡಿ. ನಾವು ಪಾಯಸಕ್ಕೆ ಹಾಕುವ ಗಸಗಸೆ ಸೌದಿ ಅರೇಬಿಯಾದಲ್ಲಿ ನಿಷಿದ್ಧ. ಅದನ್ನು ಮಾದಕ ವಸ್ತುವಿನಂತೆ ಕಾಣುತ್ತಾರೆ. ಗೊತ್ತಿರಲಿಲ್ಲ ಎಂದರೆ ಕೇಳುವವರಿಲ್ಲ.

ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳು? ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ನೀರು, ಎಣ್ಣೆಯಂಥವು ಕೈಚೀಲದಲ್ಲಿದ್ದರೆ ಒಂದು ಬಾಟಲಿ 100 ಮಿಲಿಲೀಟರ್ ದಾಟಬಾರದು.

“ಅಲ್ಲಿರುವ ನನ್ನ ಮಗನಿಗೆ ಕೊಟ್ಟುಬಿಡಿ” ಎಂದು ನೆರೆಯವರು ಕಟ್ಟಿಕೊಟ್ಟ ಪೊಟ್ಟಣ? ಅವರೆದುರೇ ಬಿಚ್ಚಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಒಯ್ಯಬೇಡಿ. ನೆರೆಯವರ ಮುನಿಸು ನಾಲ್ಕು ದಿನದ್ದು, ಅಲ್ಲಿನ ಸೆರೆವಾಸ ವರ್ಷಗಳದ್ದು.